ನಡಾವಳಿ ಪುಸ್ತಕದಲ್ಲಿ ಬರೆಯದ್ದು

ತಿಂಗಳ ಎರಡನೇ ಭಾನುವಾರ, ಬೆಳಗಿನ ಆರೂವರೆ.
ಎಂಟರ ಮೇಲೆ ರಾಯಚೂರಿನ ಬಿಸಿಲಿಗೆ
ಯಾರ ಭಾಷಣವೂ ರುಚಿಸುವುದಿಲ್ಲ.
ಅಂಚೆ ಕಚೇರಿ ಹಿಂದಿನ ಬಯಲು,
ಹಸಿರು ನೆಟ್ಟಿನ ಕೆಳಗೆ ಹದಿನಾಲ್ಕು ಕುರ್ಚಿ.
ಒಂದರ ಕಾಲು ಮುರಿದಿದೆ; ಅದು ಕಾರ್ಯದರ್ಶಿಗೆ,
ಅಂದರೆ ನನಗೆ.

ಕಳೆದ ಸಲದವರು ಹಿಟ್ಟುತಿಗಣೆಯ ಬಗ್ಗೆ ಹೇಳಿದರು,
ಗೋಡೆಗೆ ಬೆಕ್ಕಿನ ಗಾತ್ರದ ಹುಳುವಿನ ಚಾರ್ಟು ತೂಗುಹಾಕಿ.
ಮೆಹರುನ್ನೀಸಾ ಆಪಾ ಸೆರಗಿನ ಮರೆಯಲ್ಲಿ ಅಂದರು:
‘ಇಷ್ಟು ದಪ್ಪ ಇದ್ದರ ಚಿಂತಿ ಏನಿತ್ತು,
ಬಡಿಗಿಲೆ ಹೊಡೀತಿದ್ವಿ.’
ಅದಕ್ಕೂ ಹಿಂದೆ ಹೈದರಾಬಾದಿನ ಗುಲಾಬಿಯವರು.
ಅವರು ಹೇಳಿದ ಮಣ್ಣು ನಮ್ಮೂರಲ್ಲಿಲ್ಲ, ಆ ನೀರೂ ಇಲ್ಲ.
ಗುಲಾಬಿ ಇದೆ,
ರಂಗಮ್ಮ ಟೀಚರ ಮನೆಯ ಎಣ್ಣೆ ಡಬ್ಬಿಯಲ್ಲಿ,
ಯಾರ ಮಾತನ್ನೂ ಕೇಳದೆ.

ಇವತ್ತಿನವರು ಹನಿ ನೀರಾವರಿ ತಜ್ಞರು.
ಏಳಕ್ಕೆ ಹತ್ತು ನಿಮಿಷವಿರುವಾಗ ಫೋನು:
ಗಾಡಿ ಯರಮರಸ್ ಹತ್ತಿರ ಪಂಕ್ಚರು.
ಶಾಲು ತನ್ನ ಮಡಿಕೆಯಲ್ಲೇ ಉಳಿಯಿತು.
ಹಾರದ ಬದಲು ನಾವು ಕೊಡುವ ಕರಿಬೇವಿನ ಸಸಿ
ಮೇಜಿನ ಮೇಲೆ ತಲೆ ಬಗ್ಗಿಸತೊಡಗಿತು.

ಆಗ ಹುಸೇನಪ್ಪ ಬಂದ.
ಬಂದದ್ದು ಚಹಾಕ್ಕೆ, ಎಂದಿನಂತೆ.
ಸೈಕಲ್ಲಿಗೆ ಅಡ್ಡ ಕಟ್ಟಿದ ಉದ್ದನೆಯ ಕಬ್ಬಿಣದ ಚಾವಿ,
ನಗರಸಭೆಯ ವಾಲ್ವ್ ತಿರುಗಿಸುವವನು.
ನಾಲ್ಕು ದಿನಕ್ಕೊಮ್ಮೆ ನಮ್ಮ ಮನೆಗೆ ಕೃಷ್ಣೆ ಬರುವುದು
ಅವನ ರಟ್ಟೆಯ ಒಂದೂವರೆ ಸುತ್ತಿನಲ್ಲಿ.

‘ನೀನರ ಏನಾರ ಹೇಳಪ್ಪ’ ಅಂದರು ಅಮರೇಗೌಡರು, ಚೇಷ್ಟೆಗೆ.
ಅವನು ಲೋಟ ಕೆಳಗಿಟ್ಟ. ಎದ್ದು ನಿಂತ.
ಯಾಕೋ, ಚಪ್ಪಲಿ ಬಿಟ್ಟ.

‘ನನಗ ಗಿಡದ ಹೆಸರು ಗೊತ್ತಿಲ್ರಿ.
ಪೈಪು ಗೊತ್ತದ.
ನೆಲದೊಳಗ ಎಲ್ಲಿ ಒಡದದ ಅಂತ
ಮೀಟರು ಹೇಳಂಗಿಲ್ಲ, ಗಿಡ ಹೇಳ್ತದ.
ಮೇ ತಿಂಗಳಾಗ ಕಾಟನ್ ಮಾರ್ಕೆಟ್ ಮೂಲಿಗೆ
ಸುತ್ತ ಎಲ್ಲಾ ಸುಟ್ಟು ಬಿದ್ದಾಗ
ಅಂಗೈಯಷ್ಟು ಗರಿಕಿ ಹಸರಿರ್ತದ.
ಅಲ್ಲಿ ಅಗದ್ರ ಲೀಕೇಜು.
ಇಪ್ಪತ್ತೆರಡು ವರ್ಷ ಹಸರು ನೋಡೇ ಹಾರಿ ಇಟ್ಟೀನ್ರಿ.
ಹಸರು ಕಂಡಲ್ಲಿ ಒಣಗಿಸೋದs ನನ್ನ ನೌಕರಿ.’

ಯಾರೂ ನಗಲಿಲ್ಲ.
ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ
ಒಂದೊಂದೇ ಚೂರು ತೇಲಿ ಬಂದು
ನೆಟ್ಟಿನ ಮೇಲೆ ಕೂತಿತು.

‘ಒಂದು ಮಾತ್ರ ಬಿಟ್ಟೀನಿ.
ಎಲ್ಲದ ಅಂತ ಹೇಳಂಗಿಲ್ಲ, ಸಾಹೇಬರಿಗೆ ಗೊತ್ತಾದ್ರ ಮೆಮೊ.
ಸಣ್ಣ ತೂತು, ಸೂಜಿ ಮೊನಿಯಷ್ಟು.
ಮ್ಯಾಲೆ ಪುಂಡಿಪಲ್ಯೆ ತಾನs ಎದ್ದದ,
ಒಬ್ಬಾಕಿ ಮುದುಕಿ ದಿನಾ ಬಂದು ಕಿತ್ಕೊಂಡು ಹೋಗ್ತಾಳ.
ಅದು ನನ್ನ ಗಿಡ ಅಂತ ಆಕಿಗೆ ಗೊತ್ತಿಲ್ಲ.
ನನಗೂ ಈಗs ಗೊತ್ತಾತು, ಹೇಳೂವಾಗ.’

ನಿಯಮದಂತೆ ಪ್ರಶ್ನೋತ್ತರ ಆಗಬೇಕು.
ಟೀಚರು ಕೈಯೆತ್ತಿದರು: ‘ಗುಲಾಬಿಗೆ ನೀರು ಯಾವಾಗ ಹಾಕಿದ್ರ ಚಲೋ?’
‘ನಾನು ಬಿಟ್ಟಾಗ್ರಿ’ ಅಂದ.
ಈಗ ನಕ್ಕೆವು, ನಗುತ್ತಾ ಎಲ್ಲರೂ ಎದ್ದೆವು.
ಶಾಲು ಬೇಡವೆಂದ, ಸೆಖೆ.
ಸಸಿ ಇಸಿದುಕೊಂಡು ಚಾವಿಯ ಪಕ್ಕ ಕಟ್ಟಿಕೊಂಡ.

ಪುಸ್ತಕದಲ್ಲಿ ಬರೆದೆ:
‘ಅನಿವಾರ್ಯ ಕಾರಣದಿಂದ ಅತಿಥಿಗಳು ಬರಲಿಲ್ಲ.
ಹಾಜರಿ ಹನ್ನೊಂದು. ಚಹಾ ಖರ್ಚು ನೂರಿಪ್ಪತ್ತು.’

ಸೋಮವಾರ ಹಾಲಿಗೆ ಹೋದವನು
ನೆಲ ನೋಡುತ್ತಾ ಸುತ್ತಿನ ದಾರಿ ಹಿಡಿದೆ.
ಮೂರು ಕಡೆ ಬಗ್ಗಿದೆ. ಎರಡು ಕಡೆ ಬಚ್ಚಲ ನೀರು.
ಮೂರನೆಯ ಕಡೆ ಮಣ್ಣು ತಣ್ಣಗಿತ್ತು,
ಬೆರಳಿಗೆ ಹತ್ತಿದರೂ ನಾತವಿಲ್ಲ.
ಆಚೀಚೆ ನೋಡಿ, ಎಲೆಯೊಂದನ್ನು ಕಿತ್ತು
ಹಲ್ಲಿನಡಿ ಇಟ್ಟುಕೊಂಡೆ.
ಹುಳಿ.
ಮನೆ ಮುಟ್ಟುವವರೆಗೆ
ಯಾರೊಂದಿಗೂ ಬಾಯಿ ತೆರೆಯಲಿಲ್ಲ.