ಏಳನೆಯ ಮೊಳೆ

ಮೊದಲು ಬಣ್ಣ ನೋಡು, ಅಂದೆ ಟಿಂಕಾರಳಿಗೆ.
ಕಂದು ತುಕ್ಕು ಹಳೆಯ ನೆಂಟ: ಮಾತು ಹೆಚ್ಚು, ಕೇಡು ಕಡಿಮೆ.
ಬಂಡೆಯ ಮೇಲೆ ಕಿತ್ತಳೆ ಬಣ್ಣದ ಕಣ್ಣೀರು ಇಳಿದಿದ್ದರೆ
ಒಳಗೆ ನೀರು ಓಡಾಡುತ್ತಿದೆ ಅಂತ ಅರ್ಥ.
ಆಮೇಲೆ ಸುತ್ತಿಗೆ.
ಸಂತೆಯಲ್ಲಿ ಗಡಿಗೆ ಕೊಳ್ಳುವವಳ ಹಾಗೆ,
ಬೆರಳ ಗೆಣ್ಣಿನಷ್ಟು ಹಗುರಾಗಿ.

ಯೂಲಿಯನ್ ಆಲ್ಪ್ಸ್‌ನ ಸುಣ್ಣಕಲ್ಲು, ಬಡಗಣ ಗೋಡೆ, ಜೂನ್, ನೆರಳು.
ಕೆಳಗೆ ಕಣಿವೆಯಲ್ಲಿ ಹಸುಗಳ ಗಂಟೆ,
ಮೇಲೆ ಕರಗುವ ಹಿಮ ಉದುರಿಸುವ ಸಣ್ಣ ಕಲ್ಲು,
ನಡುವೆ ನಾವಿಬ್ಬರು, ಒಂದು ಹಗ್ಗ,
ಮತ್ತು ಐವತ್ತೆಂಟು ವರ್ಷದ ಹಿಂದೆ
ವಿಂಕೊ ರೆಬರ್ನಿಕ್ ಹೊಡೆದುಹೋದ ಹನ್ನೊಂದು ಮೊಳೆ.
ಕಬ್ಬಿಣದ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ
ಮೇಸ್ತ್ರಿ ನಿದ್ದೆಹೋದ ಮೇಲೆ
ಕದ್ದ ಸರಳಿನಿಂದ ಬಡಿದು ಮಾಡಿದವು.
ಒಂದೊಂದರ ಕಿವಿಯ ಹತ್ತಿರವೂ ಚಾಣದ ಎರಡು ಗೀಟು.

ಒಂದನೆಯದು ಠಣ್ ಅಂದಿತು. ಎರಡನೆಯದೂ.
ಮೂರನೆಯದು ಠಪ್, ಒದ್ದೆ ಸೌದೆಯ ಸದ್ದು;
ಎರಡೇ ಬೆರಳಿಗೆ ಬಂತು, ಮಗುವಿನ ಹಾಲುಹಲ್ಲಿನ ಹಾಗೆ.
ನಾಲ್ಕು, ಐದು ಪರವಾಗಿಲ್ಲ.
ಐದರಲ್ಲಿ ಯಾರೋ ಬಿಟ್ಟುಹೋದ ಪಟ್ಟಿಯೊಂದು
ಬಿಸಿಲಿಗೆ ಬೆಳ್ಳಗಾಗಿ ನೇತಾಡುತ್ತಿತ್ತು. ಮುಟ್ಟಿದರೆ ಹುಡಿ.
ಆರನೆಯದು ಚೆಲುವ. ನೇರ, ನಯ, ಗಂಟೆಯಂಥ ದನಿ.
"ಇದು ಸರಿ ಇದೆ!" ಕೆಳಗಿನಿಂದ ಕೂಗಿದಳು ಟಿಂಕಾರ.
ನಾನು ಮೇಲಕ್ಕೊಂದು ಪೆಟ್ಟು ಕೊಟ್ಟೆ, ಪಕ್ಕಕ್ಕೊಂದು.
ತಲೆ ಕೈಗೆ ಬಂತು.
ಒಡಲು ಬಿರುಕಿನೊಳಗೇ ಸವೆದು
ತರಗೆಲೆಯಷ್ಟು ತೆಳ್ಳಗಾಗಿತ್ತು.
ಹಾಡುವುದಕ್ಕೆ ತಲೆಯೊಂದಿದ್ದರೆ ಸಾಕು.
ಹೊರುವುದಕ್ಕೆ ಸಾಲದು.

ಬಡಿದು ನೋಡು, ಕೇಳಿ ನೋಡು, ಎಳೆದು ನೋಡು:
ಈ ಎಲ್ಲ ನೋಡುಗಳೂ ಬಿರುಕಿನ ಬಾಯಲ್ಲೇ ನಿಲ್ಲುತ್ತವೆ.
ಒಳಗಿನ ಅರ್ಧ ಗೇಣು ಯಾರೂ ನೋಡಿದ್ದಲ್ಲ.
ಇನ್ನೊಂದು ಮಾತು, ಇವಳಿಗೆ ಹೇಳಲೋ ಬೇಡವೋ:
ಪ್ರತಿ ಪೆಟ್ಟೂ ಕೂದಲೆಳೆಯಷ್ಟು ಸಡಿಲಿಸುತ್ತದೆ.
ಗಟ್ಟಿಯಾ, ಗಟ್ಟಿಯಾ ಎಂದು ಕೇಳಿ ಕೇಳಿಯೇ
ಗಟ್ಟಿ ಇದ್ದ ಕೆಲವನ್ನು ನಾನು ಕಳೆದುಕೊಂಡಿದ್ದೇನೆ.
ಮೊಳೆಗಳ ಮಾತೇ ಆಡುತ್ತಿದ್ದೇನೆ ಅಂದುಕೋ.

ಏಳನೆಯದು ಪಾದದಗಲದ ಅಂಚಿನ ಮೇಲೆ. ಕುರೂಪಿ.
ಬಿದ್ದ ಕಲ್ಲಿನ ಏಟಿಗೆ ಕತ್ತು ಬಾಗಿ,
ಕಿವಿ ಅರ್ಧ ಬಂಡೆಗೆ ಒತ್ತಿ, ಕೊಕ್ಕೆ ಹಾಯುವುದೇ ಕಷ್ಟ.
ಬಡಿದರೆ ಬಂದದ್ದು ದನಿಯೂ ಅಲ್ಲ, ಕೆಮ್ಮೂ ಅಲ್ಲ.
ಮಿಸುಕಲಿಲ್ಲ.
ಮೈಭಾರ ಪೂರಾ ಹಾಕಿ ಜೋತುಬಿದ್ದೆ. ಮಿಸುಕಲಿಲ್ಲ.
ಆದರೆ ನಿಂತ ಭಾರ ಬೇರೆ, ಬೀಳುವ ಭಾರ ಬೇರೆ.
ಐವತ್ತೆಂಟು ವರ್ಷದಲ್ಲಿ ಇದರ ಮೇಲೆ ಯಾರೂ ಬಿದ್ದ ಸುದ್ದಿಯಿಲ್ಲ;
ಅದು ಇದರ ಹೆಗ್ಗಳಿಕೆಯಲ್ಲ.

ನಿನ್ನೆ ಸಂಜೆ ವಿಂಕೊನನ್ನೇ ಕೇಳಿದ್ದೆ.
ಬೆಂಚಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ.
"ಏಳನೆಯದಾ? ಅಲ್ಲಿ ಕಾಲು ನಡುಗುತ್ತಿತ್ತು.
ಹೆದರಿ ಹೆದರಿ ಹತ್ತು ಪೆಟ್ಟು ಹೆಚ್ಚೇ ಹೊಡೆದೆ."
ಆರನೆಯದು?
ಒಂದು ಕಾಳು ಬಾಯಿಗೆ ಹಾಕಿಕೊಂಡ.
"ಅಲ್ಲಿ ಇನ್ನೂ ಧೈರ್ಯ ಇತ್ತು."

"ಹೌದೋ ಅಲ್ಲವೋ?" ಅಂಚಿಗೆ ಹತ್ತಿ ಬಂದ ಟಿಂಕಾರ
ಹಲ್ಲಲ್ಲಿ ಪೆನ್ಸಿಲ್ ಕಚ್ಚಿಕೊಂಡೇ ಕೇಳಿದಳು.
ಅವಳ ಪುಸ್ತಕದಲ್ಲಿ ಎರಡೇ ಸಾಲು:
ಇಡಬೇಕಾದದ್ದು, ಕೀಳಬೇಕಾದದ್ದು.
ನಡುವಿನ ಗೆರೆಯ ಮೇಲೆ ಬರೆ, ಅಂದೆ.
ಹಗ್ಗ ಹಾಕು.
ಹಾಕಿದ ಮೇಲೆ, ಅದು ಇಲ್ಲವೇ ಇಲ್ಲ ಎಂಬಂತೆ ಹತ್ತು.

ಇಪ್ಪತ್ತು ಅಡಿ ಮೇಲೆ ಹೋಗಿ
ಒಮ್ಮೆ ತಿರುಗಿ ಕೆಳಗೆ ನೋಡಿದಳು.
ನನ್ನನ್ನಲ್ಲ.