ಹಸಿರಿಗೆ ಎರಡು ಗಂಟು

ಮೊಂಟೆವಿಡಿಯೊ ಬಂದರಿನಾಚೆ, ಸೆರ್ರೊ ಗುಡ್ಡದ ಬುಡಕ್ಕೆ ನನ್ನ ಶೆಡ್ಡು.
ಆಗಸ್ಟಿನ ಚಳಿ. ತೆಂಕಣ ಗಾಳಿ ತಗಡಿನ ಬಾಗಿಲನ್ನು
ಬೆಳಗಿನಿಂದ ಬಡಿಯುತ್ತಿದೆ,
ಮರೆತ ಛತ್ರಿ ಕೇಳಲು ಬಂದವನ ಹಾಗೆ.

ಜಾಕಿನ ಮೇಲೆ ನಲವತ್ತೊಂಬತ್ತರ ಆಸ್ಟಿನ್.
ಇಂಥ ಮುದಿ ಕಾರನ್ನು ನಾವಿಲ್ಲಿ ಕಚೀಲಾ ಅನ್ನುತ್ತೇವೆ,
ನೆಲದ ಮೇಲೇ ಗೂಡು ಕಟ್ಟುವ ಒಂದು ಬಡಕಲು ಹಕ್ಕಿಯ ಹೆಸರು.
ಎರ್ಮಿಂದಾ ಅಮ್ಮನವರದು. ಎಂಬತ್ತೆರಡು ವರ್ಷ.
"ಡಿಸೆಂಬರಿಗೆ ಓಡಬೇಕು" ಅಂದರು,
"ನಾನೇ ಓಡಿಸುತ್ತೇನೆ."

ಡ್ಯಾಶ್‌ಬೋರ್ಡು ಬಿಚ್ಚಿದರೆ ವಯರಿನ ಜಡೆ.
ಹತ್ತಿಯ ಹೊದಿಕೆ ಬೆರಳು ತಾಗಿದ್ದೇ ಪುಡಿ,
ರಬ್ಬರು ಸೀದ ರೊಟ್ಟಿ,
ಅದರೊಳಗಿನ ತಾಮ್ರಕ್ಕೆ ಕಿಲುಬು.
ಒಂದು ಗೇಣು ಕತ್ತರಿಸಿದೆ, ಇನ್ನೊಂದು ಗೇಣು, ಒಂದು ಮೊಳ,
ಹೋದಷ್ಟೂ ಹಸಿರೇ.
ನಮ್ಮ ಈ ನದಿ ಅರ್ಧ ಸಮುದ್ರ;
ಅದರ ಉಪ್ಪುಸಿರಿಗೆ ಗೊತ್ತು
ಎಳೆ ಎಳೆಯ ನಡುವೆ ತೆವಳುವ ದಾರಿ.

ಹಡಗಿನ ಸಾಮಾನು ಮಾರುವ ಇರುಲೆಗಿ
ಗಲ್ಲಾದ ಮೇಲೆ ಮೂರು ಸುರುಳಿ ಉರುಳಿಸಿದ.
ಒಂದು ಅಗ್ಗದ ಪ್ಲಾಸ್ಟಿಕ್ಕು, ಮೂಸಿದರೆ ಹೊಸ ಚಪ್ಪಲಿ.
ಇಂಜಿನ್ನಿನ ಮಗ್ಗುಲಲ್ಲಿ ಎರಡು ಬೇಸಿಗೆ ತಾಳೀತು,
ಮೂರನೆಯದಕ್ಕೆ ಬಿರುಕು.
ಒಂದು ಇಂಗ್ಲೆಂಡಿನದು, ಹತ್ತಿ ನೇಯ್ದದ್ದು, ಥೇಟು ಹಳೆಯದೇ.
ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟೆ.
ಇನ್ನೊಂದು ದೋಣಿಗಳಿಗೆಂದು ಬಂದದ್ದು.
ತುದಿ ಸುಲಿದು ತೋರಿಸಿದ: ಕೂದಲಿನಂಥ ಎಳೆಗಳು,
ಒಂದೊಂದಕ್ಕೂ ಕಲಾಯಿ.
ತಾಮ್ರದ ಕೆಂಪೇ ಕಾಣದು, ಮೀನಿನ ಹೊಟ್ಟೆಯ ಬಿಳುಪು.
ಮಡಿಸಿದೆ, ಬಿಚ್ಚಿದೆ, ಇಪ್ಪತ್ತು ಸಲ ಮಡಿಸಿದೆ.
ಲೈಟರಿನ ಉರಿ ಹಿಡಿದೆ.
ಕಪ್ಪಾಯಿತು, ಕರಗಲಿಲ್ಲ.

"ಬಣ್ಣಗಳು?"
"ಬಿಳಿ ಮಾತ್ರ. ಉಳಿದವು ಮಾರ್ಚಿಗೆ."
ಕೊಳವೆಯಲ್ಲಿ ಕಹಿ ಚಹಾ ಹೀರುತ್ತ ಮುದುಕ ಅಂದ:
"ಅಗ್ಗದ್ದೇ ಹಾಕು ಮಾರಾಯ್ತಿ, ಅದರಲ್ಲಿ ಎಲ್ಲ ಬಣ್ಣ ಉಂಟು.
ಡ್ಯಾಶ್‌ಬೋರ್ಡಿನ ಹಿಂದೆ ಇಣುಕುವವರಾರು?
ನಿನ್ನ ಗಂಟೇನು ಹೋಗುತ್ತದೆ?"

ಅರವತ್ತು ಮೀಟರು ಬಿಳಿ ಹೊತ್ತು ಬಂದೆ.
ಬಂದ ಮೇಲೆ ದಿಗಿಲು. ಬ್ಯಾಟರಿಗೆ ಕಂದು, ದೀಪಕ್ಕೆ ನೀಲಿ,
ಬ್ರೇಕಿಗೆ ಹಸಿರು ಎಂದು ಕಲಿತ ಕೈ ನನ್ನದು.
ಎಲ್ಲ ಬಿಳಿಯಾದರೆ ಯಾವುದು ಯಾವುದು?

ರಾತ್ರಿ, ಕರೆಂಟು ಹೋಗಿತ್ತು. ಹಿಂಬದಿಯ ಸೀಟಿನಡಿ
ಹಳೆಯ ಜಡೆಯ ಬಾಲವನ್ನು ತಡಕಿ ಎಳೆಯುತ್ತಿದ್ದೆ,
ಬೆರಳಿಗೆ ಏನೋ ಸಿಕ್ಕಿತು, ಜೋಳದ ಕಾಳಿನಷ್ಟು.
ಮೇಣ ಸವರಿದ ದಾರ. ಗಂಟು.
ಪಕ್ಕದ ವಯರಿಗೆ ಎರಡು. ಅದರಾಚೆಗೆ ಮೂರು.
ಎರಡು ತುದಿಗೂ, ಒಂದೂ ತಪ್ಪದೆ.

ಬೆಳಿಗ್ಗೆ ಎರ್ಮಿಂದಾ ಅಮ್ಮ ದಾರ ನೋಡಿ
ಸೀಟಿನ ಮೇಲೆ ಕೂತೇಬಿಟ್ಟರು.
"ಒದಿಲಿಯೊ ಕಟ್ಟಿದ್ದು.
ಅವನ ಕಣ್ಣಿಗೆ ಹಸಿರು, ಕಂದು, ಕೆಂಪು, ಎಲ್ಲ ಒಂದೇ ಮಣ್ಣು.
ಯಾರಿಗೂ ಹೇಳಬೇಡ ಅಂದಿದ್ದ.
ಸಿಗ್ನಲ್ಲಿನಲ್ಲಿ ನಾನು ಅವನ ಮೊಣಕಾಲು ತಟ್ಟುತ್ತಿದ್ದೆ,
ಒಂದು ಸಲ ನಿಲ್ಲು, ಎರಡು ಸಲ ಹೊರಡು.
ಮೂವತ್ತೆಂಟು ವರ್ಷ. ನೆಂಟರೆಲ್ಲ ಅಂದುಕೊಂಡಿದ್ದರು
ಎಂಥ ಪ್ರೀತಿ!"
ನಕ್ಕರು. ಸ್ವಲ್ಪ ತಡೆದು,
"ಪ್ರೀತಿಯೂ ಇತ್ತು ಅನ್ನು."

ಈಗ ದೀಪವಿದ್ದರೂ ಕಣ್ಣು ಮುಚ್ಚಿ ಕಟ್ಟುತ್ತೇನೆ.
ಬ್ಯಾಟರಿಗೆ ಒಂದು. ಹಸಿರಿಗೆ ಎರಡು.
ಕಲಾಯಿಯ ತಾಮ್ರ ನನಗಿಂತ ಹೆಚ್ಚು ಬಾಳಲಿ;
ಮುಂದೆ ಯಾರೋ ಸೀಟಿನಡಿ ಕೈ ತೂರಿಸಿದಾಗ
ಬೆರಳಿಗೆ ಏನಾದರೂ ಸಿಗಬೇಕಲ್ಲ.

ಇರುಲೆಗಿ, ಕೇಳಿದೆಯಲ್ಲ, ಲೆಕ್ಕ ತಗೋ:
ನನ್ನ ಗಂಟು ಹೋದದ್ದು ಎಪ್ಪತ್ತನಾಲ್ಕು.

ಎಡಗಡೆಯ ತಿರುವು ತೋರುವ ಕೈ ಮಾತ್ರ
ಇನ್ನೂ ಮೇಲೇಳುತ್ತಿಲ್ಲ.