ಬೆರಳುಗಳು ಏಳುವ ಹೊತ್ತು

ನಾನು ಏಳುವುದು ಐದೂವರೆಗೆ.
ಬೆರಳುಗಳು ಏಳುವುದು ಏಳೂವರೆಗೆ.
ನಡುವಿನ ಎರಡು ಗಂಟೆ
ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿಯುತ್ತೇನೆ,
ಎರಡೂ ಅಂಗೈ ಜೋಡಿಸಿ, ಕೈಮುಗಿದ ಹಾಗೆ,
ನಲ್ಲಿ ತಿರುಗಿಸುತ್ತೇನೆ.
ಮಗಳ ಜಡೆ ಮಗಳಿಗೇ ಬಿಟ್ಟಿದ್ದೇನೆ,
ಓರೆ ಬೈತಲೆಯಲ್ಲೇ ಶಾಲೆಗೆ ಹೋಗುತ್ತಾಳೆ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹನ್ನೊಂದು ವರ್ಷ ನನ್ನ ಕೆಲಸ ಇಷ್ಟೇ:
ಹರಡಿದ ಕಾಫಿ ಬೇಳೆಯಲ್ಲಿ
ಕಪ್ಪು, ಒಡಕು, ಹುಳ ಕೊರೆದದ್ದು ಎಡಕ್ಕೆ,
ಒಳ್ಳೆಯದು ಬಲಕ್ಕೆ.
ಕರೆಂಟು ಹೋದರೂ ಕೈ ತಪ್ಪುತ್ತಿರಲಿಲ್ಲ.
ಕೆಟ್ಟ ಬೇಳೆ ಒಂದು ಗುಲಗಂಜಿ ಹಗುರ,
ಅದು ಬೆರಳಿಗೆ ಗೊತ್ತು.

ಹೋದ ವರ್ಷದ ಕಕ್ಕಡದಲ್ಲಿ ಶುರುವಾಯಿತು.
‘ಮಳೆ ಅಲ್ವಾ’ ಎಂದಳು ಪಕ್ಕದ ಕುಂಞಿಪಾತು.
‘ವಾಯು’ ಎಂದರು ಅತ್ತೆ.
‘ಮೂವತ್ತಮೂರಕ್ಕೇ ಕೀಲುನೋವಾ? ಅದು ಮುದುಕರದ್ದು!’
ನಕ್ಕರು ಸೂಪರ್‌ವೈಸರ್ ಬೆಳ್ಯಪ್ಪ,
ಚೀಟಿಯಲ್ಲಿ ನನ್ನ ಹೆಸರಿನ ಮುಂದೆ
ನಾಲ್ಕು ಕೆಜಿ ಕಡಿಮೆ ಬರೆಯುತ್ತಾ.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ.
ಹದಿನೆಂಟು ಮದ್ದು ಕೂಡಿರುತ್ತವಂತೆ ಅದರಲ್ಲಿ ಅಂದು.
ಆ ನೇರಳೆ ಬಣ್ಣ, ಆ ಪರಿಮಳ,
ಅದರ ಮೇಲೆ ಒಂದು ಮಾತೂ ಆಡಲಾರೆ,
ಈ ವರ್ಷವೂ ಎರಡು ಲೋಟ ಕುಡಿದೆ.
ನನ್ನ ಗೆಣ್ಣುಗಳು ಕೇಳುತ್ತಿದ್ದದ್ದು
ಹತ್ತೊಂಬತ್ತನೆಯದನ್ನು.

ಆಮೇಲೆ ಸಂತೆಯ ಪುಡಿ. ಹೆಸರಿಲ್ಲದ ಪೊಟ್ಟಣ.
ಮೂರು ದಿನಕ್ಕೆ ನೋವು ಮಾಯ.
ಮೂರು ತಿಂಗಳಿಗೆ ಮುಖ ಹುಣ್ಣಿಮೆ.
‘ದುಂಡಗಾಗಿದ್ದೀಯ, ಸುಖವಾಗಿದ್ದೀಯ’ ಎಂದರು ಮದುವೆಮನೆಯಲ್ಲಿ.

ಕುಂಞಿಪಾತುವೇ ಒಂದು ದಿನ
ಬೇಳೆ ಬಿಟ್ಟು ನನ್ನ ಕೈ ನೋಡಿದಳು.
‘ಎರಡು ಕೈಯಲ್ಲೂ ಅದೇ ಗೆಣ್ಣು ಊದಿದೆ,
ಮಳೆಗೆ ಇಷ್ಟು ಲೆಕ್ಕ ಬರತ್ತಾ?’
ಮರುದಿನ ಮಡಿಕೇರಿ ಬಸ್ಸಿನಲ್ಲಿ
ಕಿಟಕಿ ಸೀಟು ನನಗೆ, ಟಿಕೆಟ್ಟು ಅವಳದ್ದು.

ಎಷ್ಟು ನೋವು ಎಂದು ಎಲ್ಲರೂ ಕೇಳಿದ್ದರು.
ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಎಂದು ಕೇಳಿದವರು
ಡಾಕ್ಟರ್ ದೇಚಮ್ಮ ಒಬ್ಬರೇ.
ಪೊಟ್ಟಣವನ್ನು ಬೆಳಕಿಗೆ ಹಿಡಿದು
‘ಇದನ್ನು ಒಮ್ಮೆಗೇ ಬಿಡಬೇಡಿ, ಇಳಿಸೋಣ’ ಎಂದರು.
ರಕ್ತ, ಎಕ್ಸರೇ. ಮತ್ತೆ ಕುರ್ಚಿ.
‘ಸವೆದ ಕೀಲು ಹಿಂದೆ ಬರಲ್ಲ. ಸವೆಯೋದನ್ನ ತಡೀಬಹುದು.
ಹದಿನಾಲ್ಕು ತಿಂಗಳು ಎಲ್ಲಿದ್ರಿ?’
ಮಳೆಯಲ್ಲಿದ್ದೆ, ವಾಯುವಿನಲ್ಲಿದ್ದೆ, ಪೊಟ್ಟಣದಲ್ಲಿದ್ದೆ
ಎನ್ನಲಿಲ್ಲ.
‘ಕೆಲಸ ಇತ್ತು’ ಎಂದೆ.

ಮೈಯ ಕಾವಲೇ ದಾರಿ ತಪ್ಪಿದೆ ಎಂದು
ಅವರು ಚಿತ್ರ ಬರೆದು ತೋರಿಸಿದರು.
ನನಗೆ ಅರ್ಥವಾದದ್ದು ನನ್ನ ಮೇಜಿನ ಭಾಷೆಯಲ್ಲಿ:
ಒಳಗೆ ಒಬ್ಬಳು ಕೂತಿದ್ದಾಳೆ, ನನ್ನಂಥವಳೇ, ಆರಿಸುವವಳು.
ಕಣ್ಣು ಮಂಜಾಗಿ, ಒಳ್ಳೆಯ ಬೇಳೆಯನ್ನೆಲ್ಲ
ಎಡಕ್ಕೆ ಎಸೆಯುತ್ತಿದ್ದಾಳೆ, ಎಡಕ್ಕೆ, ಎಡಕ್ಕೆ.
ಬೈಯಲು ಬಾಯಿ ಬರಲಿಲ್ಲ.
ಅವಳಿಗೂ ಯಾರೋ ಹೇಳಿಕೊಟ್ಟ ಕೆಲಸ.

ಈಗ ಅವಳಿಗೆ ಬುಧವಾರದ ಗುಳಿಗೆ.
ದಿನಾ ಅಲ್ಲ, ವಾರಕ್ಕೊಂದೇ ದಿನ:
‘ಬುಧ’ದ ಕೆಳಗೆ ಡಾಕ್ಟರು ಮೂರು ಗೆರೆ ಎಳೆದಿದ್ದಾರೆ,
ಕ್ಯಾಲೆಂಡರಿನಲ್ಲಿ ಮಗಳು ಕೆಂಪು ಸುತ್ತು ಹಾಕಿದ್ದಾಳೆ.
ಆಗಾಗ ರಕ್ತ ಕೊಡಲು ಮಡಿಕೇರಿಯ ತಿರುವುಗಳು.
ಬಲಗೈ ಕಿರುಬೆರಳು ಬಾಗಿದ್ದು ಬಾಗಿದ್ದೇ.
ಉಳಿದ ಒಂಬತ್ತು
ಆರೂಕಾಲಿಗೆಲ್ಲ ಏಳುತ್ತವೆ.
ಜಡೆ ಹೆಣೆಯುತ್ತೇನೆಂದರೆ ಮಗಳು ಒಪ್ಪುವುದಿಲ್ಲ;
ಓರೆ ಬೈತಲೆಯೇ ಚೆಂದವಂತೆ.

ನಿನ್ನೆ ಹತ್ತು ಗಂಟೆಯ ಚಹಾಕ್ಕೆ
ಹೊಸದಾಗಿ ಸೇರಿದ ಶ್ರೀಜ, ಇಪ್ಪತ್ತೆರಡು ದಾಟಿಲ್ಲ,
ಲೋಟವನ್ನು ಎರಡು ಅಂಗೈಯ ನಡುವೆ
ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದಳು.
‘ಚಳಿ ಅಕ್ಕಾ’ ಎಂದಳು, ನಾನೇನೂ ಕೇಳದೆಯೇ.

ಬೆಂಚಿನ ಮೇಲೆ ಅವಳತ್ತ ಸರಿದು ಕೂತೆ.
ಎಷ್ಟು ನೋವು ಎಂದು ಕೇಳಲಿಲ್ಲ.
‘ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತವೆ
ನಿನ್ನ ಬೆರಳು?’